ಹೋಗು ಅನ್ನುವ ಸನ್ನೆ

ನಾನು ನಿವೃತ್ತನಾದದ್ದು ಮೂವತ್ತೈದಕ್ಕೆ. ನಗಬೇಡಿ. ಕ್ರಿಕೆಟ್ ಆಡುವವರು ಇದೇ ವಯಸ್ಸಿಗೆ ನಿವೃತ್ತರಾದರೆ ಹಾರ ಹಾಕಿ ಕಣ್ಣೀರಿಡುತ್ತೀರಿ. ನನ್ನ ಎಡಗಿವಿ ಹೆಲಿಕಾಪ್ಟರಿನ ಸದ್ದು ಕುಡಿದು ಕುಡಿದು ಸುಮ್ಮನಾಯಿತು. ತಪಾಸಣೆ ಮಾಡಿದ ಡಾಕ್ಟರು ನಮ್ಮವ್ವನನ್ನು ಕರೆದು, "ಒಂದು ಕಿವಿ ಪೂರ್ತಿ ಹೋಗೇತಿ ನೋಡ್ರಿ" ಅಂದರು. ಅವ್ವ ಬೆರಗಾಗಿ, "ಹಂಗಾರ ಇನ್ನೊಂದು ಬಂತೇನ್ರಿ? ಹುಟ್ಟಿದಾಗಿಂದ ಎರಡೂ ಕಿವೀಲೆ ಅಂವಾ ನನ್ನ ಮಾತ ಕೇಳಿಲ್ಲ" ಅಂದಳು. ಹೀಗೆ ನನ್ನ ಸೇವೆ ಮುಗಿಯಿತು. ಈಗ ದಳಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನ ಅಂಗಡಿಗೆ ಬಂದು "ಸರ್, ಹೆಂಗಿರತೈತ್ರಿ ಕೆಲಸ?" ಎಂದು ಕೇಳುತ್ತಾರೆ. ಇಲ್ಲಿಯತನಕ ಚಹಾ ಕುಡಿಸಿ ಅರ್ಧ ಸುಳ್ಳು ಹೇಳಿ ಕಳಿಸುತ್ತಿದ್ದೆ. ಉಳಿದರ್ಧ ಇಲ್ಲಿದೆ.

ನಮ್ಮದು ವಾಯು ಸಹಾಯಕ ದಳ. ಹೆಸರು ಕೇಳಿ ಮೋಸ ಹೋಗಬೇಡಿ. ಸೇವೆಯ ಅಷ್ಟೂ ವರ್ಷ ನಾನು ಹೆಲಿಕಾಪ್ಟರಿನೊಳಗೆ ಒಂದು ಸಲವೂ ಕುಂತವನಲ್ಲ. ಬೆಟಗೇರಿಯಲ್ಲಿ ಬೈಕಿನ ಸೀಟಿಗೆ ಕವರ್ ಹೊಲಿಯುವುದು ನನ್ನ ಹೊಟ್ಟೆಪಾಡು. ಕರೆ ಬಂದ ದಿನ ಮಾತ್ರ ಆಕಾಶನೀಲಿ ಅಂಗಿ, ಕರಿ ಬೂಟು, ತಲೆಗೆ ಟೊಪ್ಪಿಗೆ. ಹೊಳೆ ಬಂದು ದಾರಿ ಕಡಿದಾಗ, ರೋಗಿಯನ್ನು ಅವಸರದಲ್ಲಿ ಒಯ್ಯಬೇಕಾದಾಗ ಹೆಲಿಕಾಪ್ಟರ್ ಬರುತ್ತದೆ. ಅದು ಇಳಿಯಲು ಜಾಗ ಹುಡುಕುವುದು, ಕಲ್ಲು ಕಸ ಆರಿಸುವುದು, ಸುಣ್ಣದಲ್ಲಿ ದೊಡ್ಡ ವರ್ತುಲ ಬಿಡಿಸುವುದು, ಗಾಳಿ ಯಾವ ಕಡೆಯದೆಂದು ತೋರಿಸುವ ಬಟ್ಟೆಯ ಚೀಲವನ್ನು ಗಳಕ್ಕೆ ಕಟ್ಟುವುದು, ಮಂದಿಯನ್ನು ದೂರ ಇಡುವುದು ನಮ್ಮ ಕೆಲಸ. ಕೊನೆಗೆ ನಮ್ಮಲ್ಲೊಬ್ಬ ವರ್ತುಲದ ಮುಂದೆ ನಿಂತು ಪೈಲಟ್‌ಗೆ ಕೈಸನ್ನೆ ಮಾಡಬೇಕು. ನಮ್ಮ ಹತ್ತಿರ ವೈರ್‌ಲೆಸ್ ಇರಲಿಲ್ಲ. ಪೈಲಟ್‌ಗೂ ನಮಗೂ ಇದ್ದ ಭಾಷೆ ಎರಡು ಕೈ ಮಾತ್ರ.

ಆ ನಿಂತವನ ಭಯವನ್ನು ಹೇಗೆ ಹೇಳಲಿ? ಮೇಲಿಂದ ಒಂದು ಮನೆಯೇ ನಿಮ್ಮ ಮೇಲೆ ಇಳಿಯುತ್ತಿದೆ ಅಂದುಕೊಳ್ಳಿ. ಆ ಮನೆಗೆ ಸಿಟ್ಟು ಬಂದಿದೆ ಅಂತಲೂ ಅಂದುಕೊಳ್ಳಿ. ಕಾಲ ಕೆಳಗಿನ ಮಣ್ಣು ಎದ್ದು ನಿಮ್ಮ ಬಾಯಿಗೆ ಬರುತ್ತದೆ. ಎದೆಯೊಳಗಿನ ಗುಂಡಿಗೆ ಅದರ ರೆಕ್ಕೆಯ ತಾಳಕ್ಕೆ ಬಡಿಯತೊಡಗುತ್ತದೆ, ನಿಮ್ಮ ಮಾತು ಕೇಳುವುದಿಲ್ಲ. ಓಡು ಎಂದು ಕಾಲು ಹೇಳುತ್ತದೆ. ಓಡಿದರೆ ಪೈಲಟ್ ಕುರುಡ. ಎಷ್ಟೋ ಸಲ ನಾನು ಓಡದೆ ನಿಂತದ್ದು ಧೈರ್ಯದಿಂದಲ್ಲ, ಮಂಡಿ ಮಡಚುವುದನ್ನೇ ಮರೆತುಬಿಟ್ಟಿದ್ದರಿಂದ.

ನಮಗೆ ಕಲಿಸಿದವರು ಹುಲಕೋಟಿಯ ಹಿರೇಗೌಡ್ರ ಸರ್. ವಿಮಾನ ನಿಲ್ದಾಣದಲ್ಲಿ ದುಡಿದು ಊರಿಗೆ ಮರಳಿದವರು. ಅವರಿಗೆ ಮೀಸೆ ಇತ್ತೋ, ಮೀಸೆಗೆ ಅವರಿದ್ದರೋ ಹೇಳುವುದು ಕಷ್ಟ. ಅಭ್ಯಾಸಕ್ಕೆ ಹೆಲಿಕಾಪ್ಟರ್ ಎಲ್ಲಿಂದ ತರಬೇಕು? ಸರ್ ರಾಶಿ ತೂರುವ ದೊಡ್ಡ ಫ್ಯಾನ್ ಒಂದನ್ನು ಯಾರಿಂದಲೋ ತಂದು, ಟ್ರ್ಯಾಕ್ಟರಿಗೆ ಜೋಡಿಸಿ, ನಮ್ಮನ್ನು ಅದರ ಮುಂದೆ ಸಾಲಾಗಿ ನಿಲ್ಲಿಸಿದರು.

"ಕಣ್ಣು ಮುಚ್ಚಬಾರದು. ಕೈ ಇಳಿಸಬಾರದು. ಏನ ಬಂದ್ರೂ ನಿಂದ್ರಬೇಕು" ಅಂದರು. ಫ್ಯಾನ್ ತಿರುಗಿತು.

ಹಿಂದಿನ ದಿನ ಅದರಲ್ಲಿ ಒಣಮೆಣಸಿನಕಾಯಿ ತೂರಿದ್ದರೆಂಬುದು ಸರ್‌ಗೆ ಗೊತ್ತಿರಲಿಲ್ಲ. ನಮಗೆ ತಕ್ಷಣ ಗೊತ್ತಾಯಿತು. ಮೊದಲ ಸಾಲು ಕುರುಡಾಯಿತು, ಎರಡನೆಯ ಸಾಲು ಸೀನಿತು, ಮೂರನೆಯ ಸಾಲು ದಳಕ್ಕೆ ರಾಜೀನಾಮೆ ಕೊಟ್ಟಿತು. ನಾನು ಮೊದಲ ಸಾಲಿನಲ್ಲಿದ್ದೆ. ಮೂರು ದಿನ ನಾನು ಅತ್ತದ್ದನ್ನು ನೋಡಿ ಓಣಿಯವರು ಮನೆಯಲ್ಲಿ ಯಾರು ತೀರಿಕೊಂಡರು ಎಂದು ವಿಚಾರಿಸಲು ಬಂದರು. ಆದರೂ ಒಂದು ಮಾತು ಖರೆ. ಆಮೇಲೆ ಯಾವ ಹೆಲಿಕಾಪ್ಟರಿನ ಧೂಳೂ ನನ್ನ ಕಣ್ಣು ಮುಚ್ಚಿಸಲಿಲ್ಲ.

ನಿಜವಾದ ತೊಂದರೆ ಶುರುವಾದದ್ದು ಸನ್ನೆಯ ಪಾಠದಲ್ಲಿ. ಎರಡೂ ಕೈ ಮೇಲೆತ್ತಿದರೆ 'ಬಾ, ನನ್ನ ಕಡೆ ಬಾ'. ಅದನ್ನು ಎಲ್ಲರೂ ಮೊದಲ ದಿನವೇ ಚೆನ್ನಾಗಿ ಕಲಿತರು. ಇನ್ನೊಂದು ಸನ್ನೆ, ತಲೆಯ ಮೇಲೆ ಎರಡೂ ಕೈಯನ್ನು ಕತ್ತರಿಯ ಹಾಗೆ ಅಡ್ಡಡ್ಡ ಜೋರಾಗಿ ಬೀಸುವುದು. 'ಇಳಿಯಬೇಡ, ಹೋಗು'. ಅದು ಯಾರಿಗೂ ಬರಲಿಲ್ಲ.

ಯಾಕೆಂದರೆ ನಮ್ಮ ಕಡೆ ಬಾಗಿಲಿಗೆ ಬಂದವರಿಗೆ ಹೋಗು ಅನ್ನುವ ರೂಢಿಯೇ ಇಲ್ಲ. ಸಾಲ ಕೇಳಲು ಬಂದವನಿಗೂ ಕುಂಡ್ರಿ, ಚಾ ಕುಡೀರಿ ಅಂದಮೇಲೆಯೇ ಇಲ್ಲ ಅನ್ನುತ್ತೇವೆ. ನಾವೇ ಹೊರಟಾಗಲೂ ಹೋಗ್ತೀನಿ ಅನ್ನುವುದಿಲ್ಲ, ಬರ್ತೀನಿ ಅನ್ನುತ್ತೇವೆ. ಅಂಥ ಮಂದಿಗೆ ಆಕಾಶದಿಂದ ಬಂದ ಅತಿಥಿಯನ್ನು ಹೊಡೆದೋಡಿಸುವ ಹಾಗೆ ಕೈ ಬೀಸು ಅಂದರೆ? ಲಕ್ಷ್ಮೇಶ್ವರದ ದಾದಾಪೀರ, ನನ್ನ ಜೊತೆಗೇ ಸೇರಿದವನು, ಒಂದು ಕೈಯನ್ನು ಎದೆಗೆ ಇಟ್ಟುಕೊಂಡು ಇನ್ನೊಂದನ್ನು ಮೆತ್ತಗೆ ಆಡಿಸಿದ.

"ಏನಲೇ ಅದು?" ಅಂದರು ಸರ್.

"ದಯವಿಟ್ಟು ನಾಳಿ ಬರ್ರಿ ಅಂದೆ ಸರ್."

ನನ್ನದು ಇನ್ನೂ ಚೆಂದ. ಕೈಗಳು ತಲೆಯ ಮೇಲೆ ಹೋದವು, ಅಡ್ಡ ಹಾಯುವ ಬದಲು ಜೋಡಿಸಿಕೊಂಡವು. ಪೂರ್ತಿ ನಮಸ್ಕಾರ.

ಸರ್ ಟೊಪ್ಪಿಗೆ ತೆಗೆದು ನೆಲಕ್ಕೆ ಒಗೆದರು. "ಮಕ್ಕಳ್ರ್ಯಾ, ಕೇಳ್ರಿ ಇಲ್ಲೆ. ಬಾ ಅನ್ನಾಕ ನೀವು ಬೇಕಾಗಿಲ್ಲ, ಪೈಲಟ್ ತಾನಽ ಇಳೀತಾನ. ನಿಮ್ಮನ್ನ ಅಲ್ಲೆ ನಿಲ್ಲಸೂದು ಹೋಗು ಅನ್ನಾಕ. ಅದು ಬರದ ದಿನ ಒಂದು ಹೆಣ ಬೀಳತೈತಿ. ಅದು ನಿಮ್ಮ ಲೆಕ್ಕಕ್ಕ."

ನಾವು ತಲೆ ತಗ್ಗಿಸಿದೆವು. ಆದರೆ ಪರೀಕ್ಷೆಯಲ್ಲಿ ಹೇಗೋ ಕೈ ಬೀಸಿ ಪಾಸಾದೆವು. ಅಲ್ಲಿ ಮೇಲೆ ಇದ್ದದ್ದು ಕಾಗೆ ಮಾತ್ರ.

ಲಕ್ಷ್ಮೇಶ್ವರದಲ್ಲಿ ನನ್ನ ಮೊದಲ ಕೆಲಸ. ಯಾರೋ ದೊಡ್ಡವರು ಮೈದಾನವೊಂದರಲ್ಲಿ ಇಳಿಯಬೇಕಿತ್ತು. ಗಾಳಿ ತೋರಿಸುವ ಹಳೆಯ ಚೀಲ ಹರಿದಿತ್ತು. "ಹೊಲಿಯಾಕ ನಾ ಇಲ್ಲೇನ್ರಿ?" ಎಂದು ಎದೆ ತಟ್ಟಿಕೊಂಡು ಅಂಗಡಿಯಲ್ಲಿ ಹೊಸದನ್ನು ಹೊಲಿದೆ. ನನ್ನ ಹತ್ತಿರ ಇದ್ದದ್ದು ಬೈಕ್ ಸೀಟಿನ ರೆಕ್ಸಿನ್. ಡಬಲ್ ಹೊಲಿಗೆ, ಅಂಚಿಗೆ ಕೆಂಪು ಪೈಪಿಂಗ್, ಮಳೆಗೂ ಜಗ್ಗದು. ಗಳಕ್ಕೆ ಕಟ್ಟಿದಾಗ ದಾದಾಪೀರ ಕೂಡ "ಭಾರಿ ಆಗೇತಿ ಬಿಡಲೇ" ಅಂದ. ಭಾರಿಯೇ ಆಗಿತ್ತು, ಎರಡೂ ಅರ್ಥದಲ್ಲಿ. ಆವತ್ತು ಬೀಸುತ್ತಿದ್ದ ಗಾಳಿಗೆ ಶಾಮಿಯಾನದ ಕಂಬ ಅಲ್ಲಾಡುತ್ತಿದ್ದವು. ನನ್ನ ರೆಕ್ಸಿನ್ ಚೀಲ ಮಾತ್ರ ಊಟ ಮಾಡಿ ಮಲಗಿದ ಮಾವನ ಹಾಗೆ ಒಂದಿಂಚೂ ಹೊರಳದೆ ಜೋತುಬಿದ್ದಿತ್ತು.

ಪೈಲಟ್ ಮೇಲಿಂದ ಚೀಲ ನೋಡಿದ. ಗಾಳಿ ಇಲ್ಲವೆಂದು ತಿಳಿದ. ಹೆಲಿಕಾಪ್ಟರ್ ಯಾವಾಗಲೂ ಗಾಳಿಗೆ ಎದುರಾಗಿ ಇಳಿಯಬೇಕು. ಅವನು ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಇಳಿಯತೊಡಗಿದ. ಅದು ಮೆಲ್ಲಗೆ ಇಳಿಯಲಿಲ್ಲ, ಜಾರಿತು. ವರ್ತುಲ ದಾಟಿ, ಬಾಲ ಅಡ್ಡ ಹೊರಳಿ, ಮಂದಿಯ ಕಡೆ ಸರಿಯತೊಡಗಿತು. ಹಿಂದಿನಿಂದ ಸರ್ ಕೂಗುತ್ತಿದ್ದರಂತೆ, "ಹೋಗು ಅನ್ನೋ! ಹೋಗು ಅನ್ನೋ!" ನನಗೆ ಕೇಳಲಿಲ್ಲ. ಕೇಳಿದ್ದರೂ ನನ್ನ ಕೈಗಳು ಬೇರೆ ಯಾರವೋ ಆಗಿದ್ದವು. ಅವು ಮೇಲೆದ್ದೇ ಇದ್ದವು. ಬಾ, ಬಾ, ಬಾ ಅನ್ನುತ್ತಲೇ ಇದ್ದವು.

ಪೈಲಟ್ ಜಾಣ. ಅವನೇ ಹೇಗೋ ಎತ್ತಿ, ತಿರುಗಿಸಿ, ಧಡಕ್ಕನೆ ಇಳಿಸಿದ. ಬಾಲದ ರೆಕ್ಕೆ ಮೈದಾನದ ಗೋಲ್ ಕಂಬದ ಪಕ್ಕದಲ್ಲೇ ತಿರುಗುತ್ತಿತ್ತು, ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ಹೋಗಬಹುದಾದಷ್ಟು ಜಾಗ. ಕಂಬದ ಹಿಂದೆ ಶಾಲೆಯ ಮಕ್ಕಳು ಕುಂತಿದ್ದರು. ಅವರು ಚಪ್ಪಾಳೆ ತಟ್ಟಿದರು.

ನಾನು ಅಲ್ಲಿ ನಿಂತಿದ್ದ ನೀರಿನ ಟ್ಯಾಂಕರಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಸರ್ ಬಂದು ಪಕ್ಕದಲ್ಲಿ ನಿಂತರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಅದರಿಂದಲೇ ಹೆಚ್ಚು ಹೆದರಿಕೆಯಾಯಿತು. "ಚೀಲ ನಗ್ಯಾಡೂ ಮಾತು, ಬಿಡು" ಅಂದರು. "ಕೈ ಯಾಕ ಬೀಸಲಿಲ್ಲ, ಅದನ್ನ ಹೇಳು." ನಾನು ಬಾಯಿ ಒರೆಸಿಕೊಂಡು ಗಳದಿಂದ ಚೀಲ ಬಿಚ್ಚಲು ಹೋದೆ. ಆ ಮಕ್ಕಳ ಚಪ್ಪಾಳೆ ಮಾತ್ರ ಈಗಲೂ ನನ್ನ ಕೆಟ್ಟ ಕಿವಿಯಲ್ಲೂ ಕೇಳುತ್ತದೆ.

ಆಮೇಲೆ ಶಿರಹಟ್ಟಿ, ಮುಂಡರಗಿ, ಗದಗ ಎಂದು ಎಷ್ಟೋ ಕಡೆ ನಿಂತೆ. ಹೋಗು ಅನ್ನುವ ಪ್ರಸಂಗ ಬರಲಿಲ್ಲ. ಪ್ರತಿ ಸಲವೂ ಬಂದೀತೆಂದು ಹೆದರಿಯೇ ನಿಂತೆ. ಸರ್ ಮೊಣಕಾಲು ನೋವಿನಿಂದ ಮನೆ ಸೇರಿದಾಗ ಹೊಸಬರಿಗೆ ಕಲಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಈಜು ಬಾರದವನನ್ನು ಬಾವಿಯ ದಂಡೆಗೆ ನಿಲ್ಲಿಸಿ ಮಕ್ಕಳಿಗೆ ಈಜು ಕಲಿಸು ಅಂದ ಹಾಗೆ.

ಅಷ್ಟರಲ್ಲಿ ಕಲಿಸುವ ರೀತಿ ಬದಲಾಗಿತ್ತು. ಫ್ಯಾನ್ ಹೋಗಿ ಮೊಬೈಲಿನಲ್ಲಿ ವಿಡಿಯೋ ಪಾಠ ಬಂದವು. ಮಕ್ಕಳು ಉಪ್ಪಿಟ್ಟು ತಿನ್ನುತ್ತ ವಿಡಿಯೋ ನೋಡಿ, ಪ್ರಶ್ನೆಗೆ ಬೆರಳು ಒತ್ತಿ, ನೂರಕ್ಕೆ ನೂರು ತೆಗೆಯುತ್ತಿದ್ದರು. ಮೈದಾನಕ್ಕೆ ಕರೆದು ಹೋಗು ಅನ್ನು ಅಂದರೆ ಮತ್ತೆ ಅದೇ ಕಥೆ, ಒಬ್ಬೊಬ್ಬರದೂ ಒಂದೊಂದು ನಮೂನೆಯ ನಮಸ್ಕಾರ. ನಾನು ನನ್ನದೇ ಒಂದು ಪಾಠ ಹುಡುಕಿದೆ. ಐತವಾರ ಅವರನ್ನು ಓಣಿಯ ಮನೆಗಳಿಗೆ ಕಳಿಸುವುದು. ಯಾರು ಚಹಾ ಕೊಟ್ಟರೂ ಬೇಡ ಅನ್ನಬೇಕು. ಎಷ್ಟು ಒತ್ತಾಯ ಮಾಡಿದರೂ ಬೇಡವೇ. ಬೇಡ ಅನ್ನಲು ನಾಲಿಗೆ ಕಲಿತರೆ ಕೈಯೂ ಕಲಿತೀತು ಎಂಬುದು ನನ್ನ ಘನ ಸಿದ್ಧಾಂತ.

ಆ ತಂಡದಲ್ಲಿ ಶಿರಹಟ್ಟಿಯಿಂದ ಬರುತ್ತಿದ್ದ ಶಿವಲೀಲಾ ಎಂಬ ಹುಡುಗಿ ಇದ್ದಳು. ಉಳಿದೆಲ್ಲದರಲ್ಲೂ ಚುರುಕು. ಜಾಗ ಅಳೆಯುವುದರಲ್ಲಿ, ಮಂದಿಯನ್ನು ಹಿಂದೆ ಸರಿಸುವುದರಲ್ಲಿ ಅವಳ ಮುಂದೆ ಯಾರೂ ಇಲ್ಲ. ಚಹಾ ಪಾಠದಿಂದ ಅವಳು ಮರಳಿದ್ದು ಹೊಟ್ಟೆ ಹಿಡಿದುಕೊಂಡು.

"ಎಷ್ಟ ಮನ್ಯಾಗ ಬ್ಯಾಡ ಅಂದಿ?"

"ಎಲ್ಲಾ ಮನ್ಯಾಗೂ ಅಂದೆ ಸರ್."

"ಮತ್ತ?"

"ಅಂದು ಕುಡದೆ. ಒಬ್ಬ ಅಜ್ಜಿ ಅಳಾಕ ನಿಂತ್ಲು ಸರ್. ಅಕಿ ಮನ್ಯಾಗ ಎರಡು ಸಲ ಕುಡದೆ."

ಇವಳನ್ನು ಪಾಸು ಮಾಡುವುದೋ ಬೇಡವೋ ಎಂದು ನಾನು ಸರ್‌ಗೆ ಫೋನ್ ಮಾಡಿದೆ. "ನಾ ನಿನ್ನ ಪಾಸು ಮಾಡಿದ್ದು ತಪ್ಪೋ ಖರೇನೋ ಇನ್ನೂ ಗೊತ್ತಾಗಿಲ್ಲ. ನನ್ನ ಕೇಳ್ತಿಯಲ್ಲಲೇ" ಅಂದು ಇಟ್ಟುಬಿಟ್ಟರು.

ಪಾಸು ಮಾಡುವ ಮೊದಲೇ ಹೊಳೆ ಬಂತು.

ಉಳ್ಳಾಗಡ್ಡಿ, ನಿಮ್ಮ ಕಡೆಯ ಈರುಳ್ಳಿ, ಕೀಳುವ ಕಾಲಕ್ಕೆ ಹಟ ಹಿಡಿದ ಮಳೆ. ತುಂಗಭದ್ರೆ ಮುಂಡರಗಿ ಕಡೆಯ ಒಂದು ಹಳ್ಳಿಯ ದಾರಿಯನ್ನು ಎರಡೂ ಕಡೆ ನುಂಗಿದ್ದಳು. ಆ ಊರಲ್ಲಿ ನೆನೆದ ಮಣ್ಣಿನ ಗೋಡೆ ಕುಸಿದು ಈರಣ್ಣನೆಂಬವನು ಸಿಕ್ಕಿಬಿದ್ದಿದ್ದ. ಅವನನ್ನು ಹೊರಗೆಳೆದವನು ಅಣ್ಣ ನಿಂಗಪ್ಪ. ಈರಣ್ಣನ ಸೊಂಟ ಮುರಿದಿತ್ತು, ಹೊಟ್ಟೆ ಬಿಗಿಯುತ್ತಿತ್ತು. ಊರಲ್ಲಿದ್ದ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಒಳಗ ರಕ್ತ ಸೋರಾಕ ಹತ್ತೈತ್ರಿ. ಸಂಜೀತನ ತಡಿಯಾಂಗಿಲ್ಲ" ಅಂದರು. ನಾನು, ದಾದಾಪೀರ, ಶಿವಲೀಲಾ ದೋಣಿಯಲ್ಲಿ ಮುಂಜಾನೆಯೇ ಆ ದಂಡೆ ಸೇರಿದ್ದೆವು. ಹೆಲಿಕಾಪ್ಟರ್ ಮಧ್ಯಾಹ್ನಕ್ಕೆ ಬರುವುದಿತ್ತು.

ಇಳಿಯಲು ಒಣಗಿದ ಎತ್ತರದ ಜಾಗ ಒಂದೇ ಇತ್ತು, ನಿಂಗಪ್ಪನದೇ ಮಸಾರಿ, ಕೆಂಪು ಮಣ್ಣಿನ ಹೊಲ. ಅದರ ಒಂದು ತುದಿಗೆ ಕಿತ್ತ ಉಳ್ಳಾಗಡ್ಡಿಯ ರಾಶಿ, ಮೇಲೆ ಮಳೆಗೆಂದು ಹೊದಿಸಿದ ದೊಡ್ಡ ನೀಲಿ ಪ್ಲಾಸ್ಟಿಕ್ ತಾಡಪತ್ರಿ. ಹಾರುವ ತಾಡಪತ್ರಿ ಹೆಲಿಕಾಪ್ಟರಿಗೆ ಸಾವು. ರೆಕ್ಕೆಗೆ ಸುತ್ತಿಕೊಂಡರೆ ಮುಗಿಯಿತು. ನಾನೇ ನಿಂತು ಅದರ ನಾಲ್ಕೂ ಮೂಲೆಗೆ ಹಗ್ಗ ಕಟ್ಟಿಸಿದೆ, ಅಂಚಿಗೆ ಕಲ್ಲು ಹೇರಿಸಿದೆ. ಹಗ್ಗ ಬಿಗಿದವನು ನಿಂಗಪ್ಪ. ಕೈಕಾಲು ಆಡಿಸಲು ಏನಾದರೂ ಕೆಲಸ ಬೇಕಿತ್ತು ಅವನಿಗೆ.

ಸನ್ನೆಗೆ ಯಾರು ನಿಲ್ಲುವುದು? ಆ ಹೊತ್ತಿಗೇ ನನ್ನ ಎಡಗಿವಿ ಗುಂಯ್‌ಗುಡುತ್ತಿತ್ತು. ಸದ್ದು ಜೋರಾದರೆ ತಲೆ ತಿರುಗುತ್ತಿತ್ತು. ದಾದಾಪೀರ ಮಂದಿಯನ್ನು ತಡೆಯಬೇಕು. ಉಳಿದವಳು ಒಬ್ಬಳೇ.

"ನಿಂದ್ರತೀಯೇನವಾ?" ಅಂದೆ.

"ನಿಂದ್ರತೀನಿ ಸರ್. ಬಾ ಅನ್ನೂದು ಅಷ್ಟಽ ಅಲ್ಲೇನ್ರಿ?"

"ಅಷ್ಟಽ" ಅಂದೆ.

ನಡುವೆ ಸಣ್ಣ ಜಿಟಿಜಿಟಿ ಹನಿ ಬಂತು. ರಾಶಿಗೆ ಹತ್ತಿರದ ಬದುವಿನಲ್ಲಿ ಹೊರಸಿನ ಮೇಲೆ ಈರಣ್ಣನನ್ನು ಮಲಗಿಸಿದ್ದರು. ನಾನು ಹೊಲದ ಇನ್ನೊಂದು ತುದಿಯಲ್ಲಿ ಗಾಳಿಚೀಲ ಕಟ್ಟುತ್ತಿದ್ದೆ, ಈ ಸಲ ತೆಳು ಬಟ್ಟೆಯದು, ಚೆನ್ನಾಗಿ ಹಾರುತ್ತಿತ್ತು. ತಮ್ಮ ನೆನೆಯುತ್ತಾನೆಂದು ನಿಂಗಪ್ಪ ತಾಡಪತ್ರಿಯ ಒಂದು ಮೂಲೆ ಬಿಚ್ಚಿ, ಎಳೆದು, ಅವನ ಮೇಲೆ ಹಿಡಿದಿದ್ದನಂತೆ. ಹನಿ ನಿಂತಾಗ ಮರಳಿ ಎಳೆದು ಹೊದಿಸಿದ. ಕಟ್ಟುವಷ್ಟರಲ್ಲಿ ಸದ್ದು ಕೇಳಿಸಿತು. ಎಲ್ಲರ ಹಾಗೆ ಅವನೂ ಹಗ್ಗ ಬಿಟ್ಟು ಹೊರಸಿನ ಕಡೆ ಓಡಿದ. ನಾವು ಯಾರೂ ನೋಡಲಿಲ್ಲ.

ಹೆಲಿಕಾಪ್ಟರ್ ಹೊಳೆಯ ಕಡೆಯಿಂದ ಬಂತು. ಶಿವಲೀಲಾ ವರ್ತುಲದ ಆಚೆ, ಗಾಳಿಗೆ ಬೆನ್ನು ಕೊಟ್ಟು, ಎರಡೂ ಕೈ ಎತ್ತಿ ನಿಂತಳು. ಬಾ. ಅದು ಉಳ್ಳಾಗಡ್ಡಿ ರಾಶಿಯ ಮೇಲಿಂದಲೇ ಹಾಯ್ದು ಇಳಿಯಬೇಕಿತ್ತು. ಹತ್ತಿರ ಬಂದಂತೆ ಮೊದಲು ಸಿಪ್ಪೆ ಎದ್ದವು, ನೂರಾರು ಕೆಂಪು ಸಿಪ್ಪೆ. ಆಮೇಲೆ ತಾಡಪತ್ರಿಯ ಬಿಚ್ಚಿದ ಮೂಲೆ ಒಂದು ಸಲ ಪಟ್ ಎಂದು ಬಡಿದು ಮೇಲೆ ನಿಂತಿತು. ಒಳಗೆ ಗಾಳಿ ಹೊಕ್ಕು ಇಡೀ ತಾಡಪತ್ರಿ ಉಬ್ಬತೊಡಗಿತು. ಕಲ್ಲುಗಳು ಒಂದೊಂದಾಗಿ ಉರುಳಿದವು.

ನಾನು ಹೊರಸಿನ ಪಕ್ಕದಲ್ಲಿದ್ದೆ. ನೋಡಿದೆ. ಕೈ ಎತ್ತಬೇಕು ಎಂದು ಗೊತ್ತಿತ್ತು, ಯಾರು ಬೇಕಾದರೂ ಆ ಸನ್ನೆ ಮಾಡಬಹುದು, ಅದನ್ನೇ ನಾನು ಪ್ರತಿ ತಂಡಕ್ಕೂ ಕಲಿಸಿದ್ದು. ನನ್ನ ಒಂದು ಕೈಯನ್ನು ಈರಣ್ಣ ಹಿಡಿದುಕೊಂಡಿದ್ದ. "ಬಂತಲ್ರಿ" ಅನ್ನುತ್ತಿದ್ದ. ಬಿಡಿಸಿಕೊಳ್ಳಲು ಆಗಲಿಲ್ಲ.

ಶಿವಲೀಲಾಳ ಕೈ ಒಂದು ಕ್ಷಣ ಹಾಗೇ ನಿಂತಿದ್ದವು. ಆಮೇಲೆ ಅಡ್ಡ ಹಾಯ್ದವು. ಒಂದು ಸಲ, ಮತ್ತೆ, ಮತ್ತೆ. ಕತ್ತರಿಯ ಹಾಗೆ, ತಲೆಯ ಮೇಲೆ, ಮೈಯೆಲ್ಲ ಹಿಂದೆ ಮುಂದೆ ತೂಗುವಷ್ಟು ಜೋರಾಗಿ.

ಹೆಲಿಕಾಪ್ಟರಿನ ಮೂಗು ಎದ್ದಿತು. ಅದು ಗರ್ಜಿಸಿ ಬಲಕ್ಕೆ ಹೊರಳಿ ಮೇಲೇರಿತು. ತಾಡಪತ್ರಿ ಹಗ್ಗ ಕಿತ್ತುಕೊಂಡು, ಹೆಲಿಕಾಪ್ಟರ್ ಈಗಷ್ಟೇ ಇದ್ದ ಜಾಗದವರೆಗೂ ಹಾರಿ, ಅಲ್ಲಿ ಏನೂ ಸಿಗದೆ, ಮೆಲ್ಲಗೆ ಸುಣ್ಣದ ವರ್ತುಲದ ಮೇಲೆ ಬಿದ್ದು ಹಾಸಿಕೊಂಡಿತು. ಸದ್ದು ಹೊಳೆಯ ಆಚೆ ಸಣ್ಣದಾಯಿತು. ಆಮೇಲೆ ಇಲ್ಲವಾಯಿತು.

ಆ ಮೌನದಷ್ಟು ಹೆದರಿಕೆ ನನಗೆ ಯಾವ ಸದ್ದಿನಿಂದಲೂ ಆಗಿಲ್ಲ. ಊರಿಗೆ ಊರೇ ಬಾಯಿ ತೆರೆದು ನಿಂತಿತ್ತು. ನಿಂಗಪ್ಪ ಬಂದು ನನ್ನ ಕೊರಳಪಟ್ಟಿ ಹಿಡಿದ. "ಕಳಿಸಿಬಿಟ್ರಿ! ತಮ್ಮನ್ನ ಒಯ್ಯಾಕ ಬಂದಿದ್ದನ್ನ ನಾಯಿ ಹೊಡದಂಗ ಹೊಡದ ಕಳಿಸಿಬಿಟ್ರಿ! ಯಾರ ಮಕ್ಕಳು ನೀವು?" ನಾನು ತಾಡಪತ್ರಿಯ ಕಡೆ ಬೆರಳು ತೋರಿಸಿದೆ. ಅವನು ನೋಡಿದ. ತಾನು ಬಿಚ್ಚಿದ್ದ ಮೂಲೆ ನೋಡಿದ. ಅವನ ಕೈ ಸಡಿಲಾಯಿತು, ಆದರೆ ಬಿಡಲಿಲ್ಲ. ಬಿಟ್ಟರೆ ಬೀಳುತ್ತಿದ್ದನೇನೋ.

"ಮತ್ತ ಬರತೈತೇನ್ರಿ?" ಅಂದ. ನನಗೆ ಗೊತ್ತಿರಲಿಲ್ಲ. ಎಣ್ಣೆ ಎಷ್ಟಿದೆಯೋ, ಮೋಡ ಇಳಿಯುತ್ತದೆಯೋ, ಪೈಲಟ್ ಈ ಹುಚ್ಚರ ಸಂತೆ ಬೇಡ ಅಂದುಕೊಂಡನೋ. ಜೀವನದಲ್ಲಿ ಮೊದಲ ಸಲ ನನಗೆ ಒಂದು ಸುಳ್ಳೂ ಹೊಳೆಯಲಿಲ್ಲ.

ಶಿವಲೀಲಾ ಓಡಿಬಂದಿದ್ದಳು. ಮುಖವೆಲ್ಲ ಮಣ್ಣು, ಕಣ್ಣಲ್ಲಿ ನೀರು. "ಅಣ್ಣಾರ, ನಾ ಹೋಗು ಅಂದಿಲ್ರಿ" ಅಂದಳು. "ನಂಗ ಹಂಗ ಅನ್ನಾಕ ಬರಂಗಿಲ್ಲ. ಹೋಗಿ ಬಾ ಅಂದೀನಿ. ಬರತೈತ್ರಿ. ಬರೂದ್ರಾಗ ಈ ತಾಡಪತ್ರಿ ತಗೀಬೇಕು, ಬರ್ರಿ, ಜಲ್ದಿ ಬರ್ರಿ!"

ಇಷ್ಟು ವರ್ಷ ನಾವು ಕಲಿಸಿದ ಶಬ್ದವೇ ನಮ್ಮ ಮಂದಿಗೆ ಒಗ್ಗದ್ದು. ಆದರೆ ಅದನ್ನು ಯೋಚಿಸುತ್ತ ನಿಲ್ಲುವ ಹೊತ್ತಲ್ಲ. ಎಲ್ಲರೂ ಸೇರಿ ನೆನೆದು ಭಾರವಾದ ತಾಡಪತ್ರಿಯನ್ನು ಬದುವಿಗೆ ಎಳೆದೆವು. ಮಡಚಬೇಕು ಅನ್ನುವಷ್ಟರಲ್ಲಿ ನನ್ನ ಬಲಗಿವಿಗೆ ಅದು ಕೇಳಿಸಿತು. ಹೊಳೆಯ ಆಚೆ, ಸಣ್ಣಗೆ.

ಸಿಕ್ಕ ಹಾಗೆ ಮುದ್ದೆ ಮಾಡಿ ಸಿಕ್ಕಷ್ಟು ಕಲ್ಲು ಹೇರಿದೆವು. ನಿಂಗಪ್ಪ ಅದರ ನಡುವೆ ಬೋರಲಾಗಿ ಬಿದ್ದು, ಕೈಕಾಲು ಚಾಚಿ, ಎರಡೂ ಮುಷ್ಟಿಯಲ್ಲಿ ಅಂಚು ಹಿಡಿದುಕೊಂಡ.

"ನೀವು ತಮ್ಮನ ಕಡೆ ಹೋಗ್ರಿ, ಇಲ್ಲೆ ಬ್ಯಾರೇದಾರು ಇರತಾರ" ಎಂದು ಕೂಗಿದೆ.

"ಬ್ಯಾಡ್ರಿ. ಬಿಚ್ಚಿದಾಂವ ನಾ. ನಾನಽ ಹಿಡಕೋತೀನಿ" ಅಂದ. ಮುಖವನ್ನು ತಾಡಪತ್ರಿಗೆ ಒತ್ತಿಕೊಂಡ.

ಶಿವಲೀಲಾ ಮತ್ತೆ ಹೋಗಿ ನಿಂತಳು. ಕೈ ಎತ್ತಿದಳು. ಹೆಲಿಕಾಪ್ಟರ್ ಬಂದು ವರ್ತುಲದೊಳಗೆ ಕುಂತಿತು. ರೆಕ್ಕೆ ತಿರುಗುತ್ತಿರುವಾಗಲೇ ನಾನು, ದಾದಾಪೀರ, ಊರಿನ ನಾಲ್ವರು ಬಗ್ಗಿಕೊಂಡು ಹೊರಸು ಹೊತ್ತು ಓಡಿದೆವು. ಒಳಗಿದ್ದವರು ಈರಣ್ಣನನ್ನು ಎತ್ತಿಕೊಂಡರು. ಬಾಗಿಲು ಮುಚ್ಚಿತು. ಅದು ಎದ್ದು ಗದಗಿನ ಕಡೆ ಮೂಗು ತಿರುಗಿಸಿತು.

ಈರಣ್ಣ ಉಳಿದನೆಂಬ ಸುದ್ದಿ ನಮಗೆ ಬಂದದ್ದು ಬಹಳ ದಿನದ ಮೇಲೆ. ಆ ಹೊತ್ತಿಗೆ ಯಾರಿಗೂ ಏನೂ ಗೊತ್ತಿರಲಿಲ್ಲ. ಮಂದಿ ಮುಗಿಲು ನೋಡುತ್ತಿದ್ದರು. ನಾನು ಬದುವಿಗೆ ಹೋದೆ. ನಿಂಗಪ್ಪ ಹಾಗೇ ಬೋರಲು ಬಿದ್ದಿದ್ದ. ಬೆನ್ನ ತುಂಬ ಉಳ್ಳಾಗಡ್ಡಿ ಸಿಪ್ಪೆ. ಪಕ್ಕದಲ್ಲಿ ಕುಂತು ಭುಜ ಮುಟ್ಟಿದೆ.

"ಬಂತೇನ್ರಿ?" ಅಂದ, ಮುಖ ಎತ್ತದೆ.

"ಬಂದು ಕರಕೊಂಡು ಹೋತ್ರಿ. ಏಳ್ರಿ."

"ಅಂವಾ ಏನರ ಅಂದ್ನೇನ್ರಿ?"

"ನಮ್ಮಣ್ಣ ಎಲ್ಲಿ ಅಂದ."

"ನೀವೇನಂದ್ರಿ?"

"ತಾಡಪತ್ರಿ ಹಾರದಂಗ ಅದರ ಮ್ಯಾಲ ಮಕ್ಕೊಂಡಾನ, ಅದಕ್ಕಽ ನೀ ಹೊಂಟಿ ಅಂದೆ."

ಅವನ ಬೆನ್ನು ಅಲ್ಲಾಡಿತು. ನಗುತ್ತಿದ್ದನೋ ಅಳುತ್ತಿದ್ದನೋ. ನಾನು ಮತ್ತೆ "ಏಳ್ರಿ" ಅಂದು ತೋಳು ಹಿಡಿದೆ. ಅವನು ಮುಷ್ಟಿಯನ್ನು ಇನ್ನೂ ಬಿಗಿ ಮಾಡಿದ.

"ತಡೀರಿ ಅಣ್ಣಾರ" ಅಂದ. "ಇನ್ನಷ್ಟು ದೂರ ಹೋಗ್ಲಿ."